ಮಾಮೂಲಿ ಅಂದರೆ ಎಷ್ಟನೇ ನಂಬರು?

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಚಲನ್ ತುಂಬುವಾಗ ಜನ ಮಾಡುವ ತಪ್ಪುಗಳೆಲ್ಲ ನನಗೆ ಬಾಯಿಪಾಠ. "ಸ್ವಾಮಿ, ಅಂಕಿಯಲ್ಲೂ ಬರೀರಿ, ಅಕ್ಷರದಲ್ಲೂ ಬರೀರಿ" ಎಂದು ದಿನಕ್ಕೆ ಐವತ್ತು ಸಲ ಹೇಳಿ ಗಂಟಲು ಒಣಗಿಸಿಕೊಂಡವನು. ಅಂಥ ನಾನೇ ಒಂದು ಭಾನುವಾರ ಬೆಳಿಗ್ಗೆ ಒಂದೇ ಒಂದು ಅಂಕಿಯನ್ನು ತಪ್ಪಾಗಿ ಹೇಳಿ, ಏಳನೇ ಕ್ಲಾಸಿನ ಮೊಮ್ಮಗ ನನ್ನ ಜೊತೆ ನಾಲ್ಕು ದಿನ ಮಾತು ಬಿಡುವ ಹಾಗೆ ಮಾಡಿಕೊಂಡೆ. ಆ ಅಂಕಿ 'ಒಂದು'. ಆ ಜಾಗ ಕಟಿಂಗ್ ಶಾಪು.

ಮೈಸೂರಿನ ನಮ್ಮ ಬಡಾವಣೆಯಲ್ಲಿ ನಾನು ಮೂವತ್ತು ವರ್ಷ ತಲೆ ಒಪ್ಪಿಸಿದ ಯಜಮಾನರು ಕೈ ನಡುಗುತ್ತದೆಂದು ಅಂಗಡಿ ಮುಚ್ಚಿದರು. ಅವರ ಬಳಿ ನಾನು ಹೇಳುತ್ತಿದ್ದುದು ಒಂದೇ ಮಾತು: "ಮಾಮೂಲಿ." ಅವರು ಹೂಂಗುಟ್ಟಿ ಬಟ್ಟೆ ಹೊದಿಸುತ್ತಿದ್ದರು, ನಾನು ಕಣ್ಣು ಮುಚ್ಚುತ್ತಿದ್ದೆ. ಅವರ ಅಂಗಡಿ ಮುಚ್ಚಿದ ಮೇಲೆ ಮೊಮ್ಮಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಸ ಸಲೂನಿಗೆ ಹೋದೆ. ಗಾಜಿನ ಬಾಗಿಲು, ಎ.ಸಿ., ಗೋಡೆಯ ತುಂಬ ಗಡ್ಡದ ಹುಡುಗರ ಫೋಟೋ. ದಾರಿಯಲ್ಲಿ ಹುಡುಗ, "ತಾತ, ಜಾಸ್ತಿ ಕಟ್ ಮಾಡ್ಸೋದು ಬೇಡ" ಅಂದಿದ್ದ. ಆಗಲಿ ಅಂದಿದ್ದೆ.

ಸಲೂನಿನ ಹುಡುಗ ಕೇಳಿದ. "ಅಂಕಲ್, ಪುಟ್ಟಂಗೆ ಯಾವ ಕಟ್?"

"ಮಾಮೂಲಿ."

"ಮಾಮೂಲಿ ಅಂದ್ರೆ ಹೇಗೆ ಅಂಕಲ್? ಸೈಡು, ಹಿಂದೆ ಎಷ್ಟನೇ ನಂಬರು ಹಾಕ್ಲಿ? ಒಂದಾ, ಎರಡಾ, ಮೂರಾ?"

ನನ್ನ ಲೆಕ್ಕ ಹೀಗೆ ಓಡಿತು: ಒಂದು ಅಂದರೆ ಸ್ವಲ್ಪ ಕತ್ತರಿಸುವುದು, ಮೂರು ಅಂದರೆ ಜಾಸ್ತಿ ಕತ್ತರಿಸುವುದು. ಹುಡುಗ ಜಾಸ್ತಿ ಬೇಡ ಅಂದಿದ್ದಾನಲ್ಲ! "ಒಂದನೇ ನಂಬರೇ ಸಾಕಪ್ಪ" ಅಂದೆ, ದೊಡ್ಡ ಉಪಕಾರ ಮಾಡುವವನ ಹಾಗೆ.

"ಒಂದಾ? ಪಕ್ಕಾನಾ ಅಂಕಲ್?"

"ಪಕ್ಕಾ."

ಬಟ್ಟೆಯೊಳಗಿನಿಂದ ಮೊಮ್ಮಗ, "ತಾತ, ಕಿವಿ ಹಿಂದೆ..." ಎಂದು ಏನೋ ಹೇಳಹೊರಟ. "ತಲೆ ಅಲ್ಲಾಡಿಸ್ಬೇಡ, ಸುಮ್ನೆ ಕೂತ್ಕೋ" ಎಂದು ಗದರಿದೆ. ಮಿಷನ್ ಜುಂಯ್ ಎಂದು ಕಿವಿಯ ಪಕ್ಕದಿಂದ ಮೇಲಕ್ಕೆ ಒಂದು ಸಲ ಹೋಯಿತು. ಒಂದು ಸಲ ಹೋದ ಮೇಲೆ ಮುಗಿಯಿತು. ಉಳಿದದ್ದನ್ನೂ ಅದಕ್ಕೆ ಸರಿಯಾಗಿ ತೆಗೆಯಲೇಬೇಕಾಯಿತು.

ಅವನು ಹೇಳಹೊರಟಿದ್ದು ಏನೆಂದು ಆಮೇಲೆ ಕಣ್ಣಿಗೇ ಕಂಡಿತು. ಮೂರು ವರ್ಷದವನಿದ್ದಾಗ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಬಲಗಿವಿಯ ಹಿಂದೆ ನಾಲ್ಕು ಹೊಲಿಗೆ ಬಿದ್ದಿತ್ತು. ಕಿರುಬೆರಳುದ್ದದ ಆ ಗೀಟಿನ ಮೇಲೆ ಕೂದಲು ಹುಟ್ಟುವುದಿಲ್ಲ. ಸುತ್ತಲಿನ ಕೂದಲು ಅದನ್ನು ಇಷ್ಟು ವರ್ಷ ಮುಚ್ಚಿಕೊಂಡಿತ್ತು. ನಾವೆಲ್ಲ ಮರೆತಿದ್ದೆವು, ಅವನೊಬ್ಬ ಮರೆತಿರಲಿಲ್ಲ.

ಸೋಮವಾರ ಸಂಜೆ ಸ್ಕೂಲಿನಿಂದ ಬಂದವನು ಬ್ಯಾಗು ಎಸೆದು ರೂಮಿನ ಬಾಗಿಲು ಹಾಕಿಕೊಂಡ. ಕ್ಲಾಸಿನಲ್ಲಿ ಅವನಿಗೆ 'ಜಿಪ್ಪು' ಎಂದು ಹೆಸರಿಟ್ಟಿದ್ದರಂತೆ. ಅಜ್ಜಿ ಕರಿದ ಕೋಡುಬಳೆ ತಟ್ಟೆಯಲ್ಲೇ ಉಳಿಯಿತು. ಸೊಸೆ ಮೆಲ್ಲಗೆ ಅಂದಳು: "ಅವನು ಏನೋ ಹೇಳೋಕೆ ಬಂದ್ನಂತೆ ಮಾವ, ನೀವು ಕೇಳ್ಲೇ ಇಲ್ವಂತೆ."

ಹಲಗೆಯ ಮೇಲೆ ಕೂತ ಕಾಲ

ಆ ರಾತ್ರಿ ಯೋಚಿಸಿದೆ. ಎಪ್ಪತ್ತು ದಾಟಿದ ನಾನು ನೂರಾರು ಸಲ ಕ್ಷೌರ ಮಾಡಿಸಿಕೊಂಡಿದ್ದೇನೆ. ನನ್ನ ತಲೆ ಹೇಗಿರಬೇಕೆಂದು ನಾನಾಗಿ ಬಾಯಿಬಿಟ್ಟು ಹೇಳಿದ್ದು ಎಷ್ಟು ಸಲ? ಒಂದು ಸಲವೂ ನೆನಪಿಗೆ ಬರಲಿಲ್ಲ.

ನಾನು ಹುಡುಗನಾಗಿದ್ದಾಗ ಹಳ್ಳಿಯಲ್ಲಿ ಕ್ಷೌರಿಕರೇ ಮನೆಗೆ ಬರುತ್ತಿದ್ದರು. ಜಗಲಿಯ ಕೆಳಗೆ ಒಂದು ಮಣೆ. ಕೈಯಲ್ಲಿ ಒತ್ತುವ ಮಿಷನ್ನು ಕೂದಲನ್ನು ಕತ್ತರಿಸುವುದಕ್ಕಿಂತ ಕೀಳುವುದೇ ಹೆಚ್ಚು. ಅಪ್ಪ ಪಕ್ಕದಲ್ಲಿ ನಿಂತು, "ಮೂರು ತಿಂಗಳು ತಿರುಗಿ ನೋಡೋ ಹಂಗಿರಬಾರದು" ಎಂದರೆ ಆಯಿತು, ಅದೇ ಸ್ಟೈಲು. ಕೂಲಿ ದುಡ್ಡಿನಲ್ಲಲ್ಲ, ಸುಗ್ಗಿಯಲ್ಲಿ ರಾಗಿಯ ರೂಪದಲ್ಲಿ. ಪೇಟೆಗೆ ಬಂದ ಮೇಲೆ ಅಂಗಡಿಯ ಕುರ್ಚಿ ಸಿಕ್ಕಿತು. ಚಿಕ್ಕವರಿಗೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಒಂದು ಹಲಗೆ. ಆ ಹಲಗೆ ತೆಗೆದು ಸೀದಾ ಕುರ್ಚಿಯಲ್ಲಿ ಕೂರಿಸಿದ ದಿನ ದೊಡ್ಡವನಾದೆ ಅಂತ ಅರ್ಥ. ಆದರೂ ಮಾತು ಅಪ್ಪನದೇ.

ಇನ್ನೂ ಎರಡು ವಿಷಯ ಆ ರಾತ್ರಿ ಚುಚ್ಚಿದವು. ನಮ್ಮಜ್ಜನ ವಯಸ್ಸಿನ ಆ ಕ್ಷೌರಿಕರನ್ನು ನಾವು ಮಕ್ಕಳು 'ಬಾರೋ, ಹೋಗೋ' ಎಂದೇ ಕರೆಯುತ್ತಿದ್ದೆವು. ದೊಡ್ಡವರು ಹಾಗೆ ಕರೆಯುತ್ತಿದ್ದರು, ನಾವೂ ಕರೆದೆವು. ಅವರ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೆವು. ಇನ್ನೊಂದು, ನನ್ನ ಕ್ಲಾಸಿನಲ್ಲೇ ಇದ್ದ ಕೆಲವು ಹುಡುಗರಿಗೆ ಆ ಮಣೆಯ ಮೇಲೆ ಕೂರುವ ಹಕ್ಕೇ ಇರಲಿಲ್ಲ. ಅವರ ಜಾತಿಯ ಕಾರಣಕ್ಕೆ ಊರಿನ ಕತ್ತರಿ ಅವರ ತಲೆ ಮುಟ್ಟುತ್ತಿರಲಿಲ್ಲ. ಅವರ ಅಪ್ಪಂದಿರೇ ಮನೆಯಲ್ಲಿ ಹೇಗೋ ಕತ್ತರಿಸುತ್ತಿದ್ದರು. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಆಗಲೇ ರದ್ದು ಮಾಡಿತ್ತು. ಆದರೂ ನಾನು ಅದನ್ನು ಗಮನಿಸಿರಲಿಲ್ಲ. ಮಕ್ಕಳೇ, ಯಾರು ಬೇಕಾದರೂ ಹೋಗಿ ಕೂರಬಹುದಾದ ಕುರ್ಚಿ ಎಂಬುದು ಸಣ್ಣ ವಿಷಯವಲ್ಲ. ಆ ಕುರ್ಚಿಯಲ್ಲಿ ಕೂತು ನಮಗೇನು ಬೇಕೆಂದು ಹೇಳುವ ಅವಕಾಶವೂ ಸಣ್ಣದಲ್ಲ.

ಯಜಮಾನರ ಮನೆಯಲ್ಲಿ ಪಾಠ

ಮಾರನೆಯ ದಿನ ಮಂಗಳವಾರ, ನಮ್ಮ ಕಡೆ ಕಟಿಂಗ್ ಶಾಪುಗಳಿಗೆ ರಜಾ. ಹಳೆಯ ಅಂಗಡಿಯ ಯಜಮಾನರ ಮನೆಗೇ ಹೋದೆ. ನಡೆದದ್ದನ್ನೆಲ್ಲ ಕೇಳಿ ಅವರು ಮೊದಲು ನಕ್ಕರು, ಆಮೇಲೆ ಹುಡುಗನ ಗೀಟಿನ ವಿಷಯ ಕೇಳಿ ಸುಮ್ಮನಾದರು.

"ಮಾಮೂಲಿ ಅಂದ್ರೆ ನನಗೆ ಗೊತ್ತಿತ್ತು ಸಾರ್. ನಿಮ್ಮ ತಲೇಲಿ ಸುಳಿ ಎಲ್ಲಿದೆ, ಯಾವ ಕಡೆ ಕೂದಲು ತೆಳ್ಳಗಾಗಿದೆ, ಎಲ್ಲಾ ನನ್ನ ಕೈಗೆ ಗೊತ್ತಿತ್ತು. ಪುಟ್ಟನ ಕಿವಿ ಹಿಂದೆ ನಾನು ಯಾವತ್ತೂ ಮಿಷನ್ ಹಾಕಿಲ್ಲ. ಆ ಹೊಸ ಹುಡುಗಂಗೆ ಹೇಗೆ ಗೊತ್ತಾಗ್ಬೇಕು? ಅವನು ಕೇಳಿದ್ದಾನೆ. ಎರಡೆರಡು ಸಲ ಕೇಳಿದ್ದಾನೆ. ನೀವು ಹೇಳಿಲ್ಲ."

ತೀರ್ಪು ಬಂದಾಯಿತು. ಅವರು ಒಳಗಿನಿಂದ ತಮ್ಮ ಹಳೆಯ ಪೆಟ್ಟಿಗೆ ತಂದು ಮಿಷನ್ನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಚಣಿಗೆಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿದರು. ಒಂದರ ಮೇಲೆ 1, ಇನ್ನೊಂದರ ಮೇಲೆ 2, ಹೀಗೆ 8ರ ತನಕ.

"ಈ ನಂಬರು ಎಷ್ಟು ತೆಗೀತೀವಿ ಅಂತ ಅಲ್ಲ ಸಾರ್, ಎಷ್ಟು ಉಳಿಸ್ತೀವಿ ಅಂತ."

ಆಗ ನನ್ನ ತಲೆಗೆ ಹೊಳೆಯಿತು. ನಾನು ಅದನ್ನು ವಿತ್‌ಡ್ರಾಯಲ್ ಅಂದುಕೊಂಡಿದ್ದೆ. ಅದು ಬ್ಯಾಲೆನ್ಸು!

ನಂಬರಿನ ಲೆಕ್ಕ

ಲೆಕ್ಕ ಬಹಳ ಸುಲಭ, ಎಂಟರ ಮಗ್ಗಿ ಬಂದರೆ ಸಾಕು. ಒಂದೊಂದು ನಂಬರಿಗೂ ಒಂದು ಇಂಚಿನ ಎಂಟನೇ ಒಂದು ಭಾಗ. 1ನೇ ನಂಬರು ಅಂದರೆ ಸುಮಾರು 3 ಮಿಲಿಮೀಟರ್ ಕೂದಲು ಉಳಿಯುತ್ತದೆ, ನೆತ್ತಿಯ ಚರ್ಮ ಕಾಣುತ್ತದೆ. 2 ಅಂದರೆ 6 ಮಿಲಿಮೀಟರ್. 3 ಅಂದರೆ 10ರ ಹತ್ತಿರ. 4 ಅಂದರೆ ಅರ್ಧ ಇಂಚು, ಸುಮಾರು 13 ಮಿಲಿಮೀಟರ್. 8 ಅಂದರೆ ಪೂರ್ತಿ ಒಂದು ಇಂಚು, 25 ಮಿಲಿಮೀಟರ್. ಬಾಚಣಿಗೆಯನ್ನೇ ಸಿಕ್ಕಿಸದೆ ಬರೀ ಮಿಷನ್ ಓಡಿಸಿದರೆ ಅದು 'ಝೀರೋ', ಹೆಚ್ಚುಕಡಿಮೆ ಬೋಳು.

ಒಂದು ಎಚ್ಚರಿಕೆ: ಗಡ್ಡಕ್ಕೆ ಬಳಸುವ ಕೆಲವು ಟ್ರಿಮ್ಮರುಗಳಲ್ಲಿ ಇಂಚಿನ ಲೆಕ್ಕ ಇರುವುದಿಲ್ಲ, ನೇರವಾಗಿ ಮಿಲಿಮೀಟರನ್ನೇ ನಮೂದಿಸಿರುತ್ತಾರೆ. ಅದರಲ್ಲಿ 4 ಅಂದರೆ 4 ಮಿಲಿಮೀಟರ್ ಮಾತ್ರ. ಹಾಗಾಗಿ, "ಆ ನಂಬರಿಂದು ಒಂದು ಸಲ ತೋರ್ಸಿ" ಎಂದು ಕೇಳುವುದರಲ್ಲಿ ನಾಚಿಕೆ ಇಲ್ಲ.

ಇದೇ ಗೊಂದಲ 'ಒಂದಿಂಚು' ಎಂಬ ಮಾತಿನಲ್ಲೂ ಇದೆ. "ಮೇಲೆ ಒಂದಿಂಚು" ಎಂದರೆ ಒಂದಿಂಚು ಕತ್ತರಿಸಬೇಕೋ, ಒಂದಿಂಚು ಉಳಿಸಬೇಕೋ? ಯಾವಾಗಲೂ 'ಉಳಿಸಿ' ಅಥವಾ 'ತೆಗೀರಿ' ಎಂಬ ಕ್ರಿಯಾಪದವನ್ನು ಸೇರಿಸಿ. ಚಲನ್ನಿನಲ್ಲಿ ಅಂಕಿಯ ಪಕ್ಕ ಅಕ್ಷರ ಬರೆಯುವುದು ಇದಕ್ಕೇ ತಾನೆ?

ವಿದ್ಯುತ್ತಿನಿಂದ ಓಡುವ ಈ ಮಿಷನ್ನಿಗೆ ನೂರು ವರ್ಷ ದಾಟಿದೆ. ಅಮೆರಿಕದ ಇಲಿನಾಯ್ ರಾಜ್ಯದ ಲಿಯೋ ವಾಲ್ ಎಂಬಾತ 1919ರಲ್ಲಿ ತನ್ನ ಮಿಷನ್ನಿನ ಪೇಟೆಂಟಿಗೆ ಅರ್ಜಿ ಹಾಕಿದ. ಅದರ ಸದ್ದಿನಿಂದಲೇ ಒಂದು ಕಟ್ಟಿಗೆ ಹೆಸರು ಬಂದಿದೆ, 'ಬಜ್ ಕಟ್'. ತಲೆಯ ತುಂಬ ಒಂದೇ ನಂಬರು ಓಡಿಸಿದರೆ ಅದೇ. ನಮ್ಮಲ್ಲಿ ಬೇಸಿಗೆ ರಜೆಯ 'ಸಮ್ಮರ್ ಕಟ್' ಅನ್ನುವುದೂ ಹೆಚ್ಚುಕಡಿಮೆ ಅದನ್ನೇ.

ಹೆಸರುಗಳ ಗುಟ್ಟು

ಬುಧವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಹೊಸ ಸಲೂನಿಗೆ ಹೋದೆ. ಜಗಳಕ್ಕೆ ಬಂದೆನೆಂದು ಆ ಹುಡುಗ ಎದ್ದು ನಿಂತ. "ತಪ್ಪು ನಂದೇ ಕಣಪ್ಪ. ನಿಮ್ಮ ಭಾಷೆ ಕಲಿಯೋಕೆ ಬಂದಿದ್ದೀನಿ" ಅಂದೆ. ಅವನಿಗೆ ಆಶ್ಚರ್ಯ, ಆಮೇಲೆ ಖುಷಿ. ಟೀ ತರಿಸಿ, ಗೋಡೆಯ ಫೋಟೋಗಳನ್ನೇ ಪಠ್ಯಪುಸ್ತಕ ಮಾಡಿಕೊಂಡು ಹೇಳಿಕೊಟ್ಟ. ನನಗೆ ಅರ್ಥವಾದಷ್ಟು ನಿಮಗೆ ದಾಟಿಸುತ್ತೇನೆ.

'ಟೇಪರ್' ಅಂದರೆ ಇಳಿಜಾರು. ಮೇಲಿನಿಂದ ಕುತ್ತಿಗೆಯ ಕಡೆಗೆ ಬರಬರುತ್ತ ಕೂದಲು ಗಿಡ್ಡವಾಗುತ್ತದೆ, ಆದರೆ ಕೊನೆಯವರೆಗೂ ಕೂದಲು ಇರುತ್ತದೆ. ನಮ್ಮ ಕಾಲದ 'ಮೀಡಿಯಂ ಕಟಿಂಗ್' ಬಹುಪಾಲು ಇದೇ.

'ಫೇಡ್' ಅಂದರೆ ಆ ಇಳಿಜಾರು ಚರ್ಮದಲ್ಲಿ ಕರಗಿಹೋಗುವುದು. ಡ್ರಾಯಿಂಗ್ ಕ್ಲಾಸಿನಲ್ಲಿ ಪೆನ್ಸಿಲ್ ಶೇಡಿಂಗ್ ಮಾಡುತ್ತೀರಲ್ಲ, ಗಾಢ ಕಪ್ಪಿನಿಂದ ಬಿಳಿ ಹಾಳೆಗೆ ಎಲ್ಲೂ ಗೆರೆ ಕಾಣದ ಹಾಗೆ? ಹಾಗೆ. ಕರಗುವುದು ಕಿವಿಯ ಹತ್ತಿರವೇ ಶುರುವಾದರೆ 'ಲೋ ಫೇಡ್', ಕಣತಲೆಯ ಮಟ್ಟದಲ್ಲಾದರೆ 'ಮಿಡ್', ಅದಕ್ಕೂ ಮೇಲಾದರೆ 'ಹೈ'. ಇದು ನಿಧಾನದ ಕೆಲಸ. ನಂಬರು ಬದಲಿಸುತ್ತ, ಗೆರೆ ಅಳಿಸುತ್ತ ಹೋಗಬೇಕು. ಅದಕ್ಕೇ ದರವೂ ಹೆಚ್ಚು.

'ಅಂಡರ್‌ಕಟ್'ನಲ್ಲಿ ಇಳಿಜಾರೇ ಇಲ್ಲ. ಪಕ್ಕದಲ್ಲೆಲ್ಲ ಗಿಡ್ಡ, ಮೇಲೆ ಉದ್ದ. ಕಿಟಕಿಯ ಮೇಲೆ ಸಜ್ಜೆ ಚಾಚಿದ ಹಾಗೆ ಮೇಲಿನ ಕೂದಲು ಕೆಳಗಿನದರ ಮೇಲೆ ಇಳಿದಿರುತ್ತದೆ.

'ಕ್ರೂ ಕಟ್' ಅಂದರೆ ಪಕ್ಕದಲ್ಲಿ ಗಿಡ್ಡ, ಮೇಲೆ ಸ್ವಲ್ಪ ಉದ್ದ, ಹಣೆಯ ಕಡೆ ತುಸು ಹೆಚ್ಚು. ಅಮೆರಿಕದ ವಿಶ್ವವಿದ್ಯಾಲಯಗಳ ದೋಣಿ ಓಟದ ತಂಡದ ಹುಡುಗರಿಂದ ಬಂದ ಹೆಸರು ಇದು. 'ಕ್ರೂ' ಅಂದರೆ ತಂಡ. ಸ್ಕೂಲಿನವರಿಗೂ ಒಪ್ಪಿಗೆ, ಅಜ್ಜಿಯರಿಗೂ ಒಪ್ಪಿಗೆ.

'ಸೈಡ್ ಪಾರ್ಟ್' ಅಂದರೆ ಬೇರೇನಲ್ಲ, ನಮ್ಮ ಓರೆ ಬೈತಲೆ. 'ಮಲೆಟ್' ಅಂದರೆ ಮುಂದೆ ಗಿಡ್ಡ, ಹಿಂದೆ ಕುತ್ತಿಗೆಯ ಮೇಲೆ ಉದ್ದ.

ಕಿವಿಯ ಮುಂದೆ ಇಳಿಯುವ ಕೂದಲನ್ನು ನಮ್ಮ ಅಂಗಡಿಗಳಲ್ಲಿ 'ಸೈಡ್ ಲಾಕ್' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ 'ಸೈಡ್‌ಬರ್ನ್ಸ್' ಎಂದೂ ಹೆಸರುಂಟು. ಅಮೆರಿಕದ ಅಂತರ್ಯುದ್ಧದಲ್ಲಿ ಆಂಬ್ರೋಸ್ ಬರ್ನ್‌ಸೈಡ್ ಎಂಬ ಜನರಲ್ ಇದ್ದ. ಗದ್ದ ಬೋಳಿಸಿ, ಕೆನ್ನೆಯ ಎರಡೂ ಬದಿಗೆ ಪೊದೆಯ ಹಾಗೆ ಕೂದಲು ಬಿಟ್ಟು ಅದನ್ನು ಮೀಸೆಗೆ ಸೇರಿಸಿದ್ದ. ಅವನ ಹೆಸರನ್ನೇ ಜನ ಹಿಂದುಮುಂದು ಮಾಡಿ ಕೂದಲಿಗೆ ಇಟ್ಟರು.

ಪ್ರಸಿದ್ಧರನ್ನು ನೋಡಿ ಕೂದಲು ಬಿಡುವುದು ಇವತ್ತಿನ ಹುಚ್ಚಲ್ಲ. ನಮ್ಮ ಕಾಲದಲ್ಲಿ ದೇವಾನಂದ್ ಪಫ್, ಆಮೇಲೆ ಕಿವಿ ಮುಚ್ಚುವ ಅಮಿತಾಭ್ ಕಟ್. 2002ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಬ್ರೆಜಿಲಿನ ರೊನಾಲ್ಡೊ ತಲೆಯೆಲ್ಲ ಬೋಳಿಸಿ ಹಣೆಯ ಮೇಲೆ ಮಾತ್ರ ಅರ್ಧಚಂದ್ರದಷ್ಟು ಕೂದಲು ಬಿಟ್ಟಿದ್ದ. ಪತ್ರಕರ್ತರು ತನ್ನ ಕಾಲಿನ ಗಾಯದ ಬಗ್ಗೆ ಬರೆಯುವುದನ್ನು ಬಿಟ್ಟು ಕೂದಲಿನ ಬಗ್ಗೆ ಬರೆಯಲಿ ಎಂಬ ಉಪಾಯ ಅದು! ಅದನ್ನು ನೋಡಿ ಮಕ್ಕಳೂ ಹಾಗೇ ಕತ್ತರಿಸಿಕೊಂಡವು. ಆಮೇಲೆ ಅವನು ಅಮ್ಮಂದಿರ ಕ್ಷಮೆ ಕೇಳಿದ್ದ.

ಫೋಟೋ ತೋರಿಸಬಹುದೇ? ಖಂಡಿತ ತೋರಿಸಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಇದ್ದರೆ ಇನ್ನೂ ಒಳ್ಳೆಯದು. ಆದರೆ ಫೋಟೋದಲ್ಲಿರುವುದು ಅವರ ಕೂದಲು, ಕುರ್ಚಿಯಲ್ಲಿರುವುದು ನಿಮ್ಮ ಕೂದಲು. ಗುಂಗುರು ಕೂದಲಿನವರು ನೇರ ಕೂದಲಿನವರ ಫೋಟೋ ತೋರಿಸಿದರೆ ಕತ್ತರಿ ಏನು ಮಾಡೀತು? ಗುಂಗುರು ಕೂದಲು ಒದ್ದೆಯಾದಾಗ ಉದ್ದ ಕಾಣುತ್ತದೆ, ಒಣಗಿದ ಮೇಲೆ ಮೇಲಕ್ಕೆಳೆದುಕೊಳ್ಳುತ್ತದೆ. ಅಂಥವರು ಒಂದು ಬೆರಳು ಹೆಚ್ಚೇ ಬಿಡಿಸಿಕೊಳ್ಳಬೇಕು.

ನೆತ್ತಿಯ ಸುಳಿಯನ್ನೂ ಮರೆಯಬಾರದು. ಹೆಚ್ಚಿನವರಿಗೆ ಅದು ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತದೆ, ಕೆಲವರಿಗೆ ಎಡಕ್ಕೆ, ಅಪರೂಪಕ್ಕೆ ಕೆಲವರಿಗೆ ಎರಡು ಸುಳಿ. ಎರಡು ಸುಳಿಯವರಿಗೆ ಎರಡು ಮದುವೆ ಎಂದು ಅಜ್ಜಿಯರು ಹೇಳುವುದು ತಮಾಷೆ. ನಿಜವಾದ ತೊಂದರೆ ಏನೆಂದರೆ, ಸುಳಿಯ ಕೂದಲನ್ನು ಅರೆಬರೆ ಗಿಡ್ಡ ಮಾಡಿದರೆ ಅದು ನವಿಲಿನ ಜುಟ್ಟಿನ ಹಾಗೆ ಎದ್ದು ನಿಲ್ಲುತ್ತದೆ. ಒಂದೋ ಮಲಗುವಷ್ಟು ಉದ್ದ ಬಿಡಬೇಕು, ಇಲ್ಲವೇ ಏಳಲಾರದಷ್ಟು ಗಿಡ್ಡ ಮಾಡಬೇಕು.

ಬಾಯಿಬಿಟ್ಟು ಹೇಳಬೇಕಾದ ಐದು ಮಾತು

ಇಷ್ಟೆಲ್ಲ ಕೇಳಿ, "ಹಾಗಾದ್ರೆ ಗಿರಾಕಿ ಬಂದು ಏನು ಹೇಳಿದ್ರೆ ನಿನಗೆ ಸುಲಭ?" ಎಂದೆ. ಅವನು ಬೆರಳು ಮಡಿಸುತ್ತ ಹೇಳಿದ.

ಒಂದು: ಹೋದ ಸಲ ಕಟಿಂಗ್ ಆಗಿ ಎಷ್ಟು ದಿನವಾಯಿತು, ಅದರಲ್ಲಿ ಏನು ಸರಿ ಇತ್ತು, ಏನು ಸರಿ ಇರಲಿಲ್ಲ.

ಎರಡು: ಪಕ್ಕ ಮತ್ತು ಹಿಂದೆ ಎಷ್ಟು ಉಳಿಯಬೇಕು. ಮಿಷನ್ನಿನಲ್ಲೋ, ಕತ್ತರಿಯಲ್ಲೋ? ನಂಬರು ಗೊತ್ತಿಲ್ಲದಿದ್ದರೆ ದೊಡ್ಡ ನಂಬರಿನಿಂದ ಶುರು ಮಾಡಿ ಅನ್ನಿ. ನಾಲ್ಕನ್ನು ಮೂರು ಮಾಡಬಹುದು, ಮೂರನ್ನು ನಾಲ್ಕು ಮಾಡಲಾಗದು.

ಮೂರು: ಮೇಲೆ ಎಷ್ಟು ಉಳಿಯಬೇಕು, ಬೈತಲೆ ಯಾವ ಕಡೆ. ಇಲ್ಲಿ ನಮ್ಮ ಹಳೆಯ ಬೆರಳಗಲದ ಅಳತೆಯೇ ಚೆನ್ನ. ಅವರೂ ಕೂದಲನ್ನು ಬೆರಳ ನಡುವೆ ಹಿಡಿದೇ ಕತ್ತರಿಸುವುದು. "ಎರಡು ಬೆರಳು ಉಳಿಸಿ" ಎಂದರೆ ತಕ್ಷಣ ಅರ್ಥವಾಗುತ್ತದೆ.

ನಾಲ್ಕು: ಕುತ್ತಿಗೆಯ ಅಂಚು ಮತ್ತು ಸೈಡ್ ಲಾಕ್. ಕುತ್ತಿಗೆಯಲ್ಲಿ ಚೌಕವಾಗಿ ಗೆರೆ ಹಾಕಬಹುದು, ದುಂಡಗೆ ಮಾಡಬಹುದು, ಗೆರೆಯಿಲ್ಲದೆ ಟೇಪರ್ ಬಿಡಬಹುದು. ಗೆರೆ ಹಾಕಿದರೆ ಮೊದಲ ವಾರ ಚೆಂದ, ಎರಡನೇ ವಾರ ಕೂದಲು ಗೆರೆ ದಾಟಿ ಅಸಹ್ಯ. ಟೇಪರ್ ಮಾಡಿಸಿದರೆ ಬೆಳೆದರೂ ಗೊತ್ತಾಗುವುದಿಲ್ಲ.

ಐದು: ತಲೆಯಲ್ಲಿ ಗಾಯದ ಗುರುತು, ಮಚ್ಚೆ, ಗುಳ್ಳೆ ಏನಾದರೂ ಇದ್ದರೆ ಅದು. "ಇದನ್ನ ಮೊದ್ಲೇ ಹೇಳ್ಬೇಕು ಅಂಕಲ್. ನಾನು ಆವತ್ತು ಗೀಟು ನೋಡಿದಾಗ ಅರ್ಧ ತಲೆ ಮುಗಿದುಹೋಗಿತ್ತು. ನನಗೂ ರಾತ್ರಿ ಬೇಜಾರಾಯ್ತು."

ಅವನಿಗೂ ಬೇಜಾರಾಗಿರಬಹುದೆಂದು ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ.

ಮಕ್ಕಳೇ, ಇದರ ಜೊತೆ ನಿಮ್ಮದೊಂದು ಆರನೆಯ ಮಾತೂ ಇದೆ: ಸ್ಕೂಲಿನ ನಿಯಮ. ಡೈರಿಯಲ್ಲಿ ಬರೆದಿರುವುದನ್ನು ಮೊದಲು ಓದಿಕೊಂಡು ಹೋಗಿ. ಫೇಡ್ ಬೇಡ ಅನ್ನುವ ಸ್ಕೂಲುಗಳು ಟೇಪರಿಗೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಹೇಳುವಾಗ 'ಅಣ್ಣ' ಅನ್ನಿ, 'ಅಂಕಲ್' ಅನ್ನಿ, ಕೈಯಲ್ಲಿ ಕತ್ತರಿ ಹಿಡಿದವರಿಗೆ ಬಹುವಚನ ಕೊಡಿ. ಈ ಕಸುಬಿನವರನ್ನು ಯುರೋಪಿನಲ್ಲಿ ಹಿಂದೆ ಶಸ್ತ್ರವೈದ್ಯರ ಜೊತೆ ಎಣಿಸುತ್ತಿದ್ದರು. ಇಂಗ್ಲೆಂಡಿನಲ್ಲಿ 1540ರಿಂದ 1745ರ ತನಕ ಕ್ಷೌರಿಕರಿಗೂ ಶಸ್ತ್ರವೈದ್ಯರಿಗೂ ಒಂದೇ ಸಂಘವಿತ್ತು. ನಮ್ಮ ಕಡೆ ಮದುವೆ ಮನೆಯಲ್ಲಿ ನಾದಸ್ವರ ಊದುವವರಲ್ಲಿ ಎಷ್ಟೋ ಜನ ಇದೇ ಸವಿತಾ ಸಮಾಜದ ಮನೆತನದವರು.

ತಾತಂದಿರಿಗೆ ನಾಲ್ಕು ಮಾತು

ನಮ್ಮ ವಯಸ್ಸಿನವರ ಕಷ್ಟ ಬೇರೆ. ಕುರ್ಚಿಯಲ್ಲಿ ಕೂತ ಕೂಡಲೇ ಕನ್ನಡಕ ತೆಗೆಯುತ್ತೇವೆ, ಎದುರಿನ ಕನ್ನಡಿ ಇದ್ದೂ ಇಲ್ಲದಂತೆ. ಕಿವಿಯ ಮಿಷನ್ ತೆಗೆಯುತ್ತೇವೆ, ಅವರು ಕೇಳಿದ್ದು ಕೇಳಿಸುವುದಿಲ್ಲ. ಕೇಳಿಸದಿದ್ದರೂ "ಹೂಂ, ಹೂಂ" ಅನ್ನುತ್ತೇವೆ. ಆ 'ಹೂಂ'ಗೆ ಎಷ್ಟು ತಲೆಗಳು ಬಲಿಯಾಗಿವೆಯೋ! ಆದ್ದರಿಂದ ಮಾತೆಲ್ಲ ಮುಗಿದ ಮೇಲೆ ಕನ್ನಡಕ ತೆಗೆಯಿರಿ. ನಡುವೆ ಒಂದು ಸಲ ಹಾಕಿಕೊಂಡು ನೋಡಿ. ಕೊನೆಯಲ್ಲಿ ಹಿಂದೆ ಕನ್ನಡಿ ಹಿಡಿದಾಗಲೂ ಹಾಕಿಕೊಂಡೇ ನೋಡಿ.

ಕೂದಲು ತೆಳ್ಳಗಾಗಿರುವವರು ಹಲ್ಲುಹಲ್ಲಿನ ಕತ್ತರಿ ಬೇಡವೆನ್ನಿ. ಅದು ದಟ್ಟ ಕೂದಲನ್ನು ತೆಳುಮಾಡಲು ಇರುವುದು, ನಮ್ಮದನ್ನು ಆ ಭಗವಂತನೇ ತೆಳುಮಾಡಿದ್ದಾನೆ. ಬೋಳಿಸಿದರೆ ದಪ್ಪ ಬೆಳೆಯುತ್ತದೆ ಎಂದು ನಂಬಿ ಕೂರಬೇಡಿ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟೆನಿಸುತ್ತದೆ, ಅಷ್ಟೇ. ಬೇರು ಚರ್ಮದೊಳಗಿದೆ, ಕತ್ತರಿ ಏನು ಮಾಡಿತೆಂದು ಅದಕ್ಕೆ ತಿಳಿಯುವುದಿಲ್ಲ.

ಶೇವಿಂಗಿಗೆ ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಹಾಕಿಸಿಕೊಳ್ಳಿ. ಹಳೆಯ ಬ್ಲೇಡಿನಲ್ಲಿ ಉಳಿದ ರಕ್ತದಿಂದ ಹೆಪಟೈಟಿಸ್‌ನಂಥ ಕಾಯಿಲೆ ಹರಡಬಹುದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಮೊದಲೇ ಹೇಳಿ. ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಕೊನೆಯಲ್ಲಿ ಮಸಾಜ್ ಮಾಡಿ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸುವ ಪದ್ಧತಿ ಕೆಲವು ಕಡೆ ಇದೆ. ಅದನ್ನು ಮಾತ್ರ ಕೈಮುಗಿದು ಬೇಡವೆನ್ನಿ. ಹಾಗೆ ತಟ್ಟನೆ ತಿರುಗಿಸಿದಾಗ ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಆಗುವ ಅಪಾಯವಿದೆ.

ಮೂರು ಮಿಲಿಮೀಟರಿನಿಂದ ಮತ್ತೆ

ಗುರುವಾರ ರಾತ್ರಿ ನೋಟ್‌ಬುಕ್ಕು ಹಿಡಿದು ಮೊಮ್ಮಗನ ರೂಮಿಗೆ ಹೋದೆ. "ತಪ್ಪಾಯ್ತು ಕಣೋ. ನೀನು ಹೇಳ್ತಿದ್ದೆ, ನಾನು ಕೇಳ್ಲಿಲ್ಲ" ಅಂದೆ. ಅವನು ಗೋಡೆ ನೋಡುತ್ತಿದ್ದ. ನನಗೆ ಸಮಾಧಾನ ಮಾಡಲು ಬರುವುದಿಲ್ಲ, ಲೆಕ್ಕ ಬರುತ್ತದೆ. ಬರೆಯುತ್ತ ಜೋರಾಗಿ ಓದಿದೆ: "ಓಪನಿಂಗ್ ಬ್ಯಾಲೆನ್ಸು 3 ಮಿಲಿಮೀಟರ್. ಕೂದಲು ತಿಂಗಳಿಗೆ ಸುಮಾರು 12 ಮಿಲಿಮೀಟರ್ ಬೆಳೆಯುತ್ತೆ. ಎರಡು ತಿಂಗಳಿಗೆ 24."

"ಇಪ್ಪತ್ತೇಳು" ಅಂದ ಗೋಡೆಯ ಕಡೆಯಿಂದಲೇ. "ಮೂರು ಸೇರಿಸ್ಬೇಕು."

ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದೆ ರಾತ್ರಿ ಒಂಬತ್ತರ ತನಕ ಕೂತು, ಕೊನೆಗೆ ತಪ್ಪು ಸಿಕ್ಕಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಎರಡು ತಿಂಗಳು ಅವನು ಸ್ಕೂಲಿಗೆ ಹೋದ. 'ಜಿಪ್ಪು' ಎಂಬ ಹೆಸರು ಮೂರನೇ ವಾರಕ್ಕೆ ಹಳೆಯದಾಯಿತು. ಹದಿನೈದು ದಿನಕ್ಕೊಮ್ಮೆ ಸ್ಕೇಲು ಹಿಡಿದು ಕಿವಿಯ ಹಿಂದೆ ನಾನೇ ಅಳೆದು ನೋಟ್‌ಬುಕ್ಕಿನಲ್ಲಿ ಬರೆದೆ. ನಮ್ಮ ಲೆಕ್ಕಕ್ಕೂ ಅವನ ತಲೆಗೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂತು, ಅಷ್ಟೇ.

ಮತ್ತೆ ಅದೇ ಸಲೂನು, ಅದೇ ಕುರ್ಚಿ. ಈ ಸಲ ನಾನು ಹಿಂದಿನ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತೆ, ಬಾಯಿ ಬಿಡಲಿಲ್ಲ. ಮೊಮ್ಮಗ ಮೊದಲು ತನ್ನ ಬಲಗಿವಿಯ ಹಿಂದಿನ ಕೂದಲನ್ನು ತಾನೇ ಎತ್ತಿ ತೋರಿಸಿದ. ಎರಡು ತಿಂಗಳ ಹಿಂದೆ ಮುಚ್ಚಿಟ್ಟುಕೊಂಡಿದ್ದ ಗೀಟನ್ನು.

"ಅಣ್ಣಾ, ಇಲ್ಲಿ ಮಿಷನ್ ಬೇಡ. ಸೈಡು ನಾಲ್ಕನೇ ನಂಬರು. ಕುತ್ತಿಗೆ ಹತ್ರ ಟೇಪರ್. ಮೇಲೆ ಎರಡು ಬೆರಳು ಉಳ್ಸಿ. ಉಳ್ಸಿ, ತೆಗೆಯೋದಲ್ಲ."

"ಆಯ್ತು ಪುಟ್ಟಾ. ಕಿವಿ ಹಿಂದೆ ಕತ್ತರಿ-ಬಾಚಣಿಗೇಲೇ ಮಾಡ್ತೀನಿ. ಬೆರಳಗಲ ಬಿಟ್ರೆ ಏನೂ ಕಾಣಲ್ಲ."

ಏನೂ ಕಾಣಲಿಲ್ಲ. ಹಿಂದೆ ಕನ್ನಡಿ ಹಿಡಿದಾಗ ಹುಡುಗ ಎಡಕ್ಕೆ, ಬಲಕ್ಕೆ ತಿರುಗಿ ನೋಡಿಕೊಂಡು, "ಚೆನ್ನಾಗಿದೆ, ಥ್ಯಾಂಕ್ಸ್ ಅಣ್ಣಾ" ಅಂದ.

ನನ್ನ ಸರದಿ ಬಂತು. ಕುರ್ಚಿಯಲ್ಲಿ ಕೂತು, ಅಭ್ಯಾಸಬಲದಿಂದ ಕನ್ನಡಕ ತೆಗೆದು, "ಮಾಮೂ..." ಎಂದಿದ್ದೆ. ಮೊಮ್ಮಗ ಓಡಿ ಬಂದು ಕನ್ನಡಕವನ್ನು ಮತ್ತೆ ನನ್ನ ಮೂಗಿನ ಮೇಲೆ ಇಟ್ಟ.

"ಅಣ್ಣಾ, ನಮ್ಮ ತಾತಂಗೆ ಆಮೇಲೆ ಕೇಳ್ಸಲ್ಲ. ಈಗ್ಲೇ ಕೇಳ್ಬಿಡಿ. ತಾತ, ಹೇಳು. ಅಂಕಿಯಲ್ಲೂ ಹೇಳು, ಅಕ್ಷರದಲ್ಲೂ ಹೇಳು."

ಹೇಳಿದೆ. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ, ನನ್ನ ತಲೆಯ ಬಗ್ಗೆ ನಾನೇ.